ಸುಂಟಿಕೊಪ್ಪ ಹತ್ತಿರ 20 ಮಕ್ಕಳಿಗೆ ಆಶ್ರಯ ಮನೆ: ನೋಂದಣಿ ಹೇಗೆ, ಕಟ್ಟಡಕ್ಕೆ ಏನೇನು ಬೇಕು?

ಮಾದಾಪುರ ದಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ ದಾನಿಗಳೊಬ್ಬರು ತಮ್ಮ ಮನೆಯನ್ನು ನಮ್ಮ ಟ್ರಸ್ಟಿಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ಇಷ್ಟು ದಿನ ಹೋಂಸ್ಟೇ ಆಗಿದ್ದ ಮನೆ. 10 ಅಡಿಗೆ 12 ಅಡಿಯ ಐದು ಕೋಣೆ, ಐದಕ್ಕೂ ಅಟ್ಯಾಚ್ಡ್ ಬಾತ್‌ರೂಮ್, 400 ಚದರಡಿಯ ಹಾಲ್, ಅಡುಗೆಮನೆ, ಚಿಕ್ಕ ಸ್ಟೋರ್. ಹಿಂದೆ ಬರೆ (ಗುಡ್ಡದ ಕಡಿದಾದ ಮಣ್ಣಿನ ಬದಿ) ಕಡಿದು ಸಮ ಮಾಡಿದ ಜಾಗ, ಅದರ ಮೇಲೆ ಕಾಫಿ ತೋಟ.

ಟ್ರಸ್ಟ್ ನೋಂದಣಿ ಆಗಿದೆ, ಪ್ಯಾನ್ ಇದೆ, ಆದಾಯ ತೆರಿಗೆ ವಿನಾಯಿತಿಗೆ ಬೇಕಾದ 12ಎ ಮತ್ತು 80ಜಿ ಆಗಿದೆ. ಲೈನ್ ಮನೆಗಳಲ್ಲಿರುವ ತೋಟ ಕಾರ್ಮಿಕರ ಮಕ್ಕಳು, ಹಾಡಿಗಳಲ್ಲಿ (ಗಿರಿಜನರ ವಸತಿಗಳಲ್ಲಿ) ಶಾಲೆ ಬಿಟ್ಟ ಮಕ್ಕಳು, ತಂದೆ ತಾಯಿ ಇಲ್ಲದವರು ಎಲ್ಲ ಸೇರಿ 6ರಿಂದ 14 ವರ್ಷದ 20 ಮಕ್ಕಳನ್ನು ಇಟ್ಟುಕೊಂಡು ಓದಿಸಬೇಕು ಎನ್ನುವ ಆಸೆ. ಅರ್ಜಿ ಎಲ್ಲಿ ಹಾಕಬೇಕು? ನಾಲ್ಕೈದು ಮಕ್ಕಳಿಂದ ಶುರು ಮಾಡಿ, ಪರವಾನಗಿ ಆಮೇಲೆ ಮಾಡಿಸಿಕೊಳ್ಳಿ ಎಂದು ಕೆಲವರು ಹೇಳುತ್ತಿದ್ದಾರೆ, ಅದು ಸರಿಯೇ? ಈ ಮನೆ ಸಾಕಾಗುತ್ತದೆಯೇ? ಸಿಬ್ಬಂದಿ ಎಷ್ಟು ಜನ ಬೇಕು, ತಿಂಗಳ ಖರ್ಚು ಎಲ್ಲಿಗೆ ಹೋಗುತ್ತದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.


ವಿರಾಜಪೇಟೆ ವಕೀಲ

ಸರ್, ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ: ಹಾಗೆ ಶುರು ಮಾಡಲೇಬೇಡಿ. ಮಕ್ಕಳು ನಾಲ್ಕೇ ಇರಲಿ, ಸರ್ಕಾರದಿಂದ ಒಂದು ರೂಪಾಯಿ ಅನುದಾನ ಪಡೆಯದೇ ಇರಲಿ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ಬಾಲನ್ಯಾಯ ಕಾಯ್ದೆ 2015ರ 41ನೇ ಕಲಂ ಪ್ರಕಾರ ನೋಂದಣಿ ಆಗಲೇಬೇಕು. ಆಗದಿದ್ದರೆ 42ನೇ ಕಲಂ ಅನ್ವಯ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ. ಅರ್ಜಿ ಹಾಕಲು ತಡ ಮಾಡಿದ ಪ್ರತಿ 30 ದಿನಕ್ಕೆ ಒಂದೊಂದು ಪ್ರತ್ಯೇಕ ಅಪರಾಧ ಎಂದು ಲೆಕ್ಕ. ಇದಲ್ಲದೆ, ಪೋಷಕರಿಲ್ಲದೆ ಸಿಕ್ಕಿದ ಮಗುವಿನ ವಿಷಯವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ, ಪೊಲೀಸರಿಗೋ, ಮಕ್ಕಳ ಕಲ್ಯಾಣ ಸಮಿತಿಗೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ ತಿಳಿಸಬೇಕು. ತಿಳಿಸದೆ ಮನೆಯಲ್ಲಿ ಇಟ್ಟುಕೊಂಡರೆ ಅದೂ ಅಪರಾಧ. ಉದ್ದೇಶ ಒಳ್ಳೆಯದಿತ್ತು ಎನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ನೋಂದಣಿ ಆದ ಮೇಲೂ ಮಕ್ಕಳನ್ನು ಆಯ್ಕೆ ಮಾಡುವವರು ನೀವಲ್ಲ. ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಸಮಿತಿ ನಮೂನೆ 18ರಲ್ಲಿ ಆದೇಶ ಕೊಟ್ಟು ನಿಮ್ಮಲ್ಲಿಗೆ ಕಳಿಸಬೇಕು. ಆದೇಶವಿಲ್ಲದ ಒಂದು ಮಗು ತಪಾಸಣೆಯ ದಿನ ನಿಮ್ಮಲ್ಲಿದ್ದರೂ ಅದೊಂದೇ ಸಾಕು ನೋಂದಣಿಗೆ ಕುತ್ತು ಬರಲು.

ಹಾಗಾಗಿ ನೀವು ಬರೆದ ಮೂರು ಗುಂಪುಗಳನ್ನು ಬಿಡಿಸಿ ನೋಡಿ. ತಂದೆ ತಾಯಿ ಜೊತೆ ಲೈನ್ ಮನೆಯಲ್ಲಿರುವ ಮಗುವಿಗೆ ಬೇಕಾಗಿರುವುದು ಹಗಲು ನೋಡಿಕೊಳ್ಳುವವರು ಮತ್ತು ಶಾಲೆ. ಮೂರು ವರ್ಷದೊಳಗಿನ ಕೂಸುಗಳಿಗೆ ಪಂಚಾಯಿತಿಯ ಕೂಸಿನ ಮನೆ ಇದೆ, ಅದಕ್ಕೆ ಮೇಲ್ಪಟ್ಟವರಿಗೆ ಅಂಗನವಾಡಿ ಮತ್ತು ಶಾಲೆ. ಹಾಡಿಯ ಮಕ್ಕಳಿಗೆ ಗಿರಿಜನ ಆಶ್ರಮ ಶಾಲೆ, ವಿದ್ಯಾರ್ಥಿನಿಲಯಗಳಿವೆ. ಬಡತನ ಒಂದೇ ಕಾರಣಕ್ಕೆ ಯರವ, ಜೇನು ಕುರುಬ, ಪಣಿಯ ಕುಟುಂಬದ ಮಗುವನ್ನು ಮನೆಯಿಂದ ತೆಗೆದು ಸಂಸ್ಥೆಯಲ್ಲಿ ಇಡುವುದು ಕಾಯ್ದೆಯ 3ನೇ ಕಲಮಿನ ತತ್ವಕ್ಕೇ ವಿರುದ್ಧ. ಸಂಸ್ಥೆ ಕೊನೆಯ ದಾರಿ ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿದೆ. ಉಳಿಯುವುದು ಮೂರನೇ ಗುಂಪು, ಅದರ ಜೊತೆಗೆ ದೌರ್ಜನ್ಯಕ್ಕೆ ಒಳಗಾದವರು, ನೋಡಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇಲ್ಲದವರು. ಅವರ ಸಂಖ್ಯೆ ನಿಮ್ಮ ಭಾಗದಲ್ಲಿ ಎಷ್ಟಿದೆ, ಮಡಿಕೇರಿಯ ಬಾಲಮಂದಿರದಲ್ಲಿ ಜಾಗ ಸಾಲುತ್ತಿಲ್ಲವೇ ಎನ್ನುವುದನ್ನು ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ ಹತ್ತಿರ ಕೂತು ಕೇಳಿ. ಕಟ್ಟಡಕ್ಕೆ ಕೈ ಹಾಕುವ ಮೊದಲೇ ಕೇಳಿ.

ಅರ್ಜಿಯ ವಿಷಯ. ಕೇಂದ್ರದ ಮಾದರಿ ನಿಯಮ 2016ರ ನಮೂನೆ 27 ಅರ್ಜಿ, ನಮೂನೆ 28 ಪ್ರಮಾಣಪತ್ರ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ ಕೊಡಿ. 2021ರ ತಿದ್ದುಪಡಿ ಜಾರಿಯಾದ ಮೇಲೆ ಜಿಲ್ಲಾಧಿಕಾರಿಗಳ ಶಿಫಾರಸು ಇಲ್ಲದೆ ನೋಂದಣಿ ಆಗುವುದಿಲ್ಲ. ಸ್ಥಳ ಪರಿಶೀಲನೆ, ಜಿಲ್ಲಾಧಿಕಾರಿಗಳ ಶಿಫಾರಸು ಆದ ಮೇಲೆ ಕಡತ ಬೆಂಗಳೂರಿನ ಮಕ್ಕಳ ರಕ್ಷಣಾ ನಿರ್ದೇಶನಾಲಯಕ್ಕೆ ಹೋಗುತ್ತದೆ. ಟ್ರಸ್ಟ್ ಡೀಡ್, ಟ್ರಸ್ಟಿಗಳ ಪಟ್ಟಿ, ಮೂರು ವರ್ಷದ ಆಡಿಟ್ ಆದ ಲೆಕ್ಕ ಮತ್ತು ವಾರ್ಷಿಕ ವರದಿ, ಕಟ್ಟಡದ ನಕ್ಷೆ ಮತ್ತು ಫೋಟೋ, ಸಿಬ್ಬಂದಿ ವಿವರ, ಯಾರ ಮೇಲೂ ಮಕ್ಕಳ ಮೇಲಿನ ದೌರ್ಜನ್ಯ ಅಥವಾ ಬಾಲಕಾರ್ಮಿಕ ಪ್ರಕರಣ ಇಲ್ಲ ಎನ್ನುವ ಘೋಷಣೆ, ಇವೆಲ್ಲ ಒಟ್ಟಿಗೆ ಇರಲಿ. ಡೀಡ್‌ನಲ್ಲಿ ಶಿಕ್ಷಣ, ಆರೋಗ್ಯ ಎಂದು ಮಾತ್ರ ಬರೆದಿದ್ದರೆ ಮಕ್ಕಳ ವಸತಿ ಮತ್ತು ಪಾಲನೆ ಎನ್ನುವ ಉದ್ದೇಶ ಸೇರಿಸಿ ತಿದ್ದುಪಡಿ ಪತ್ರ ಮಾಡಿಸಿಕೊಳ್ಳಿ. ಕಡತ ವಾಪಸ್ ಬರುವುದು ಬಹುಪಾಲು ಇಂಥ ಸಣ್ಣ ವಿಷಯಕ್ಕೇ.

ಅರ್ಜಿ ಕೊಟ್ಟ ದಿನದ ಸ್ವೀಕೃತಿ ಪತ್ರವನ್ನು ಸೀಲು, ದಿನಾಂಕದೊಂದಿಗೆ ಪಡೆದು ಜೋಪಾನವಾಗಿ ಇಡಿ. ಒಂದು ತಿಂಗಳೊಳಗೆ ತಾತ್ಕಾಲಿಕ ನೋಂದಣಿ ಕೊಡಬೇಕು, ಅದು ಗರಿಷ್ಠ ಆರು ತಿಂಗಳಿಗೆ. ತಿಂಗಳೊಳಗೆ ಕೊಡದಿದ್ದರೆ ಆ ಸ್ವೀಕೃತಿಯೇ ತಾತ್ಕಾಲಿಕ ನೋಂದಣಿ ಎಂದು ಕಾಯ್ದೆ ಹೇಳುತ್ತದೆ. ಪೂರ್ಣ ನೋಂದಣಿ ಐದು ವರ್ಷಕ್ಕೆ. ಅದರಲ್ಲಿ ಎಷ್ಟು ಮಕ್ಕಳು, ಯಾವ ಉದ್ದೇಶ ಎಂದು ನಮೂದಾಗಿರುತ್ತದೆ. 20 ಎಂದಿದ್ದರೆ 21ನೇ ಮಗುವಿಗೆ ಜಾಗವಿಲ್ಲ.


ಬಾಣೆ ಬದಿ

ನಾನು ಕಟ್ಟಡ ಮತ್ತು ಜಾಗದ ಬಗ್ಗೆ ಮಾತ್ರ ಬರೆಯುತ್ತೇನೆ.

ನಿಯಮದಲ್ಲಿ ಅಳತೆಗಳನ್ನು 50 ಮಕ್ಕಳ ಲೆಕ್ಕದಲ್ಲಿ ಕೊಟ್ಟಿದ್ದಾರೆ: 1000 ಚದರಡಿಯ ಎರಡು ಮಲಗುವ ಹಾಲ್, ಒಂದೊಂದರಲ್ಲಿ 25 ಮಕ್ಕಳು. ಎಂದರೆ ಮಗುವಿಗೆ 40 ಚದರಡಿ. 300 ಚದರಡಿಯ ಎರಡು ತರಗತಿ ಕೋಣೆ, 250ರ ಅಡುಗೆಮನೆ, 800ರ ಊಟದ ಹಾಲ್, 250ರ ಸ್ಟೋರ್, 120 ಚದರಡಿಯ ಸಮಾಲೋಚನೆ ಕೋಣೆ, ಹಾಸಿಗೆ ಹಿಡಿದ ಮಗುವಿಗೆ ತಲಾ 75 ಚದರಡಿಯಂತೆ ಚಿಕಿತ್ಸಾ ಕೋಣೆ, ಗ್ರಂಥಾಲಯ, ಕಚೇರಿ, ಆಟದ ಬಯಲು. ಏಳು ಮಕ್ಕಳಿಗೆ ಒಂದು ಶೌಚಾಲಯ, ಹತ್ತು ಮಕ್ಕಳಿಗೆ ಒಂದು ಬಚ್ಚಲು.

ಈಗ ನಿಮ್ಮ ಮನೆ ನೋಡೋಣ. 10ಕ್ಕೆ 12 ಎಂದರೆ 120 ಚದರಡಿ, ಒಂದು ಕೋಣೆಗೆ ಮೂರೇ ಮಕ್ಕಳು. ಬಂಕ್ ಮಂಚ ಹಾಕಿ ಆರು ಮಾಡುತ್ತೇನೆ ಎಂದರೆ ಲೆಕ್ಕ ಬದಲಾಗುವುದಿಲ್ಲ, ನೆಲದ ಅಳತೆಯೇ ಲೆಕ್ಕ. ಐದೂ ಕೋಣೆ ಮಲಗಲು ಕೊಟ್ಟರೆ 15 ಮಕ್ಕಳು. ಆದರೆ ಗೃಹಮಾತೆಗೆ ಒಂದು ಕೋಣೆ, ಜ್ವರ ಬಂದ ಮಗುವನ್ನು ಬೇರೆ ಮಲಗಿಸಲು ಒಂದು, ಕಚೇರಿ ಮತ್ತು ಸಮಾಲೋಚನೆಗೆ ಕನಿಷ್ಠ ಒಂದು ತೆಗೆದರೆ ಉಳಿಯುವುದು ಎರಡು. ಆರು ಮಕ್ಕಳು. ಸಮಾಲೋಚನೆ ಮತ್ತು ಕಚೇರಿಯನ್ನು ಹಾಲ್‌ನಲ್ಲಿ ಪಾರ್ಟಿಷನ್ ಹಾಕಿ ಮಾಡಿದರೆ ಒಂಬತ್ತು. ಬಚ್ಚಲು, ಶೌಚಾಲಯದ ಸಂಖ್ಯೆ ನಿಮಗೆ ಬೇಕಾದ್ದಕ್ಕಿಂತ ಹೆಚ್ಚೇ ಇದೆ, ತೊಂದರೆ ಅಲ್ಲಿಲ್ಲ. 20 ಮಕ್ಕಳಿಗೆ ಮಲಗಲು ಮಾತ್ರವೇ 800 ಚದರಡಿ ಬೇಕು, ಅದು ಈ ಮನೆಯಲ್ಲಿ ಹೊಸದಾಗಿ ಕಟ್ಟದೆ ಸಿಗುವುದಿಲ್ಲ.

ಜಾಗದ ದಾಖಲೆ ಕೊಡಗಿನಲ್ಲಿ ಬೇರೆಯದೇ ಕಥೆ. ದಾನಿಗಳ ಜಾಗ ಜಮ್ಮಾ ಬಾಣೆಯೇ (ವಂಶಪಾರಂಪರ್ಯವಾಗಿ ಬಂದ ಜಮೀನೇ), ಪಹಣಿಯಲ್ಲಿ ಪಟ್ಟೇದಾರರು ಯಾರು, ಒಕ್ಕದ (ಕುಲ ಕುಟುಂಬದ) ಎಷ್ಟು ಜನರ ಹೆಸರಿದೆ ನೋಡಿ. ಮನೆಯಲ್ಲಿ ಇಷ್ಟು ವರ್ಷ ವಾಸವಿದ್ದವರು ಒಬ್ಬರೇ ಆದರೂ ದಾಖಲೆಯಲ್ಲಿ ಹತ್ತು ಹೆಸರಿದ್ದರೆ ಹತ್ತೂ ಜನರ ಒಪ್ಪಿಗೆ ಬರಹದಲ್ಲಿ ಬೇಕು. ಒಬ್ಬರ ತಕರಾರು ಅರ್ಜಿ ಬಂದರೂ ಕಡತ ನಿಲ್ಲುತ್ತದೆ. ಮನೆ ನಿಂತಿರುವ ಜಾಗ ಭೂ ಪರಿವರ್ತನೆ ಆಗಿದೆಯೇ ಎಂದೂ ನೋಡಿ. ತೋಟದ ಮನೆಯೆಂದು ಕಟ್ಟಿ ಹೋಂಸ್ಟೇ ಮಾಡಿದ ಎಷ್ಟೋ ಕಡೆ ಪರಿವರ್ತನೆ ಆಗಿರುವುದಿಲ್ಲ. ಹೋಂಸ್ಟೇಗೆ ಸಿಕ್ಕ ಅನುಮತಿ ಮಕ್ಕಳ ಮನೆಗೆ ನಡೆಯುವುದಿಲ್ಲ. ಬಾಯಿಮಾತಿನಲ್ಲಿ ಬಿಟ್ಟುಕೊಡುವುದು ಬೇಡ, ನೋಂದಣಿ ಐದು ವರ್ಷಕ್ಕೆ ಇರುವುದರಿಂದ ಕಡಿಮೆಯೆಂದರೂ ಅಷ್ಟು ಅವಧಿಯ ಗುತ್ತಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲಿ. ದಾನಿಗಳ ಕಾಲಾನಂತರ ವಾರಸುದಾರರು ಕರಾರಿಗೆ ಬದ್ಧರು ಎನ್ನುವ ವಾಕ್ಯ ಅದರಲ್ಲಿರಲಿ.

ಹಿಂದಿನ ಬರೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ತಂದಿದೆ. 2018ರ ಆಗಸ್ಟ್‌ನಲ್ಲಿ ಮಾದಾಪುರ, ಹಟ್ಟಿಹೊಳೆ ಭಾಗದ ಭೂಕುಸಿತದಲ್ಲಿ ಏನಾಯಿತು ಎಂದು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಬರೆಗೂ ಹಿಂಗೋಡೆಗೂ ನಡುವೆ ಎಷ್ಟು ಅಂತರವಿದೆ, ಬರೆಯ ಎತ್ತರ ಎಷ್ಟು, ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬರುವ ತೂತುಗಳಿವೆಯೇ, ಅವು ಮಣ್ಣು ಕಟ್ಟಿ ಮುಚ್ಚಿಹೋಗಿವೆಯೇ ನೋಡಿ. ತಡೆಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹೆಚ್ಚಾಗಿ ಹಿಂದೆ ನಿಂತ ನೀರಿನ ಒತ್ತಡಕ್ಕೆ. ಬರೆಯ ತಲೆಯ ಮೇಲೆ, ತೋಟದೊಳಗೆ ಒಂದು ಅಡ್ಡ ಚರಂಡಿ ತೆಗೆದು ಮಳೆನೀರನ್ನು ಪಕ್ಕಕ್ಕೆ ಹರಿಸಬೇಕು. ಮೇಲಿನ ತೋಟದಲ್ಲಿ ಇಂಗುಗುಂಡಿ ಅಥವಾ ಕೆರೆ ತೋಡಿದ್ದರೆ ಅದು ಮನೆಯ ನೇರ ಮೇಲೆ ಇರಕೂಡದು. ಬರೆಯಲ್ಲಿ ಬಿರುಕು, ವಾಲಿದ ಮರ, ಬೇಸಿಗೆಯಲ್ಲೂ ಒಸರುವ ನೀರು ಕಂಡರೆ ಆ ಮನೆಯನ್ನು ಮಕ್ಕಳಿಗೆ ಬಳಸಲೇಬೇಡಿ, ಬೇರೆ ಜಾಗ ಹುಡುಕಿ. ಬರೆ ಸರಿಯಿದ್ದರೂ ಹಿಂಬದಿಯ ಕೋಣೆಗಳನ್ನು ಸ್ಟೋರ್, ಕಚೇರಿಗೆ ಇಟ್ಟು, ಮಕ್ಕಳನ್ನು ಮುಂಬದಿಯಲ್ಲಿ ಮಲಗಿಸಿ. ಕಟ್ಟಡದ ಭದ್ರತೆಗೆ ಲೋಕೋಪಯೋಗಿ ಇಲಾಖೆಯ ಎಂಜಿನಿಯರ್ ಪತ್ರ, ಅಗ್ನಿಶಾಮಕ ಇಲಾಖೆಯ ಪತ್ರ, ಕುಡಿಯುವ ನೀರಿನ ಪರೀಕ್ಷಾ ವರದಿ, ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಇಷ್ಟನ್ನು ಅರ್ಜಿಗೆ ಮುಂಚೆ ಮಾಡಿಸಿಟ್ಟುಕೊಳ್ಳಿ.

ಬೆಂಕಿಯ ವಿಷಯದಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಒಂದು ದೋಷ ಸಾಮಾನ್ಯ: ಎಲ್ಲ ಕಿಟಕಿಗೂ ಗೋಡೆಗೆ ಹುದುಗಿಸಿದ ಕಬ್ಬಿಣದ ಗ್ರಿಲ್, ಹೊರಹೋಗಲು ಒಂದೇ ಬಾಗಿಲು. ಪ್ರತಿ ಮಲಗುವ ಕೋಣೆಯಲ್ಲಿ ಒಂದು ಕಿಟಕಿಯ ಗ್ರಿಲ್ಲನ್ನು ಕೊಯ್ದು ಕೀಲು ಹಾಕಿಸಿ, ಒಳಗಿನಿಂದ ಕೀಲಿಕೈ ಇಲ್ಲದೆ ತೆಗೆಯುವ ಚಿಲಕ ಇರಲಿ. ರಾತ್ರಿ ಮಕ್ಕಳ ಕೋಣೆಗೆ ಹೊರಗಿನಿಂದ ಬೀಗ ಹಾಕುವ ಪದ್ಧತಿ ಎಷ್ಟೇ ಭದ್ರತೆಯ ನೆಪ ಹೇಳಿದರೂ ಕೂಡದು. ಗ್ಯಾಸ್ ಸಿಲಿಂಡರ್ ಅಡುಗೆಮನೆಯ ಹೊರಗೆ, ಗಾಳಿಯಾಡುವ ಗೂಡಿನಲ್ಲಿರಲಿ.


ಮಾದಾಪುರ ದಾರಿ

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಇಬ್ಬರಿಗೂ ತುಂಬಾ ಧನ್ಯವಾದ. ಬರೆ ಹತ್ತು ಹನ್ನೆರಡು ಅಡಿ ಎತ್ತರ ಇರಬಹುದು, ಕಲ್ಲಿನ ತಡೆಗೋಡೆ ಇದೆ, ತೂತುಗಳನ್ನು ಗಮನಿಸಿಲ್ಲ. ದಾಖಲೆಯಲ್ಲಿ ಒಕ್ಕದ ಹೆಸರುಗಳಿವೆ ಎಂದು ದಾನಿಗಳೇ ಹೇಳಿದರು. ಸಿಬ್ಬಂದಿ ಮತ್ತು ದಿನನಿತ್ಯದ ನಿರ್ವಹಣೆ ಬಗ್ಗೆ ಯಾರಾದರೂ ಹೇಳುತ್ತೀರಾ? ಮತ್ತೆ ಒಂದು ಪ್ರಶ್ನೆ: ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ತಾವೇ ಮಗುವನ್ನು ತಂದು ಬಿಡಲು ಸಿದ್ಧರಿದ್ದರೆ, ಅವರಿಂದ ಬರೆಸಿಕೊಂಡರೆ ಸಾಲದೇ?


ಗೃಹಮಾತೆ ಕೈಪಿಡಿ

ಅಣ್ಣ, ಸಿಬ್ಬಂದಿ ಬಗ್ಗೆ ಹೇಳುತ್ತೇನೆ. ನಿಯಮದಲ್ಲಿರುವ ಪಟ್ಟಿ 100 ಮಕ್ಕಳಿಗೆ: ಒಬ್ಬ ಅಧೀಕ್ಷಕರು, ಇಬ್ಬರು ಆಪ್ತ ಸಮಾಲೋಚಕರು, ಮೂವರು ಪ್ರಕರಣ ಕಾರ್ಯಕರ್ತರು, ನಾಲ್ವರು ಗೃಹಮಾತೆ ಅಥವಾ ಗೃಹಪಿತೃ, ಇಬ್ಬರು ಅಡುಗೆಯವರು, ಹೀಗೆ ಮುಂದುವರಿಯುತ್ತದೆ. ಮಕ್ಕಳು ಕಡಿಮೆ ಎಂದು ಇದನ್ನು ಹಾಗೇ ಭಾಗಿಸಲು ಹೋಗಬೇಡಿ. ರಾತ್ರಿ ಎಚ್ಚರವಿರುವವರನ್ನು ಐದರಿಂದ ಭಾಗಿಸಲು ಆಗುವುದಿಲ್ಲ. ಹತ್ತು ಮಕ್ಕಳಿದ್ದರೂ ಪೂರ್ಣಾವಧಿಯ ಒಬ್ಬ ಅಧೀಕ್ಷಕರು, ಪಾಳಿಯಲ್ಲಿ ಇಬ್ಬರು ಗೃಹಮಾತೆಯರು, ಅವರ ರಜೆಗೆ ಬದಲಿ ಒಬ್ಬರು, ಅಡುಗೆಗೆ ಒಬ್ಬರು, ರಾತ್ರಿ ಕಾವಲಿಗೆ ಒಬ್ಬರು ಬೇಕೇ ಬೇಕು. ಸಮಾಲೋಚಕರು, ಲೆಕ್ಕ ಬರೆಯುವವರು, ವೈದ್ಯರು ಅರೆಕಾಲಿಕ ಆದರೂ ನಡೆಯುತ್ತದೆ. ಹೆಣ್ಣುಮಕ್ಕಳ ಮನೆಯಾದರೆ ಅಧೀಕ್ಷಕರೂ ಸಿಬ್ಬಂದಿಯೂ ಹೆಂಗಸರೇ ಇರಬೇಕು. ಗಂಡು ಹೆಣ್ಣು ಇಬ್ಬರನ್ನೂ 14 ವರ್ಷದವರೆಗೆ ಒಂದೇ ಮನೆಯಲ್ಲಿ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ, ಯಾರಿಗೆ ಎಂದು ನಿರ್ಧರಿಸಿ.

ಮೊದಲು ಹದಗೆಡುವುದು ಬದಲಿ ಗೃಹಮಾತೆ ಇಲ್ಲದ ಕಡೆ. ಒಬ್ಬರೇ ತಿಂಗಳಾನುಗಟ್ಟಲೆ ರಜೆಯಿಲ್ಲದೆ ಇದ್ದು ಸಿಡುಕು ಬಂದು, ಕೈ ಎತ್ತುವ ಹಂತ ತಲುಪುತ್ತಾರೆ. ಸಂಸ್ಥೆಯಲ್ಲಿ ಮಗುವಿಗೆ ಹೊಡೆಯುವುದು 82ನೇ ಕಲಂ ಅಡಿ ಶಿಕ್ಷಾರ್ಹ, ಮೊದಲ ಬಾರಿಗೆ 10,000 ರೂಪಾಯಿ ದಂಡ, ಮತ್ತೆ ಮಾಡಿದರೆ ಮೂರು ತಿಂಗಳವರೆಗೆ ಜೈಲು. ಕ್ರೌರ್ಯವಾದರೆ 75ನೇ ಕಲಂ, ಸಂಸ್ಥೆಯ ನೌಕರರಿಗೆ ಐದು ವರ್ಷದವರೆಗೆ ಕಠಿಣ ಸಜೆ. ಅಡುಗೆಯವರು, ಕಾವಲಿನವರು, ಡ್ರೈವರ್ ಸೇರಿ ಎಲ್ಲರಿಗೂ ಪೊಲೀಸ್ ಪರಿಶೀಲನೆ ಮಾಡಿಸಿ, ಟ್ರಸ್ಟಿಗಳಿಗೂ ಮಾಡಿಸಿ. ಲೈಂಗಿಕ ದೌರ್ಜನ್ಯದ ಸಂಶಯ ಬಂದರೂ ಸಾಕು, ಪೋಕ್ಸೋ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಒಳಗೇ ವಿಚಾರಿಸಿ ಮುಗಿಸುತ್ತೇವೆ ಎಂದು ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು.

ಮಗು ಬಂದ 24 ಗಂಟೆಯೊಳಗೆ ವೈದ್ಯಕೀಯ ತಪಾಸಣೆ, ಆಮೇಲೆ ಪ್ರತಿ ತಿಂಗಳು. ಪ್ರತಿ ಮಗುವಿಗೂ ಒಂದು ಕಡತ: ಸಮಿತಿಯ ಆದೇಶ, ನಮೂನೆ 43ರ ಹಿನ್ನೆಲೆ ವಿವರ, ನಮೂನೆ 7ರ ವೈಯಕ್ತಿಕ ಪಾಲನಾ ಯೋಜನೆ, ಆರೋಗ್ಯ ಕಾರ್ಡ್, ಶಾಲೆಯ ಪತ್ರಗಳು. ಪಾಲನಾ ಯೋಜನೆಯನ್ನು ಎಲ್ಲ ಮಕ್ಕಳಿಗೂ ಒಂದೇ ರೀತಿ ನಕಲು ಮಾಡಿ ಇಟ್ಟಿದ್ದರೆ ತಪಾಸಣೆಗೆ ಬಂದವರಿಗೆ ಎರಡನೇ ಕಡತದಲ್ಲೇ ಗೊತ್ತಾಗುತ್ತದೆ. ಆ ಮಗು ಮನೆಗೆ ಯಾವಾಗ, ಯಾರ ಹತ್ತಿರ ವಾಪಸ್ ಹೋಗಬಹುದು, ಅದಕ್ಕೆ ಈ ತಿಂಗಳು ಏನು ಮಾಡಿದ್ದೀರಿ ಎನ್ನುವುದು ಅದರಲ್ಲಿರಬೇಕು. ಮಕ್ಕಳ ಕಲ್ಯಾಣ ಸಮಿತಿಯವರು ತಮ್ಮ ವ್ಯಾಪ್ತಿಯ ಸಂಸ್ಥೆಗಳಿಗೆ ತಿಂಗಳಿಗೆ ಎರಡು ಭೇಟಿಯಾದರೂ ಮಾಡಬೇಕು, ಜಿಲ್ಲಾ ತಪಾಸಣಾ ಸಮಿತಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಮಕ್ಕಳ ರಕ್ಷಣಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಪ್ರತಿ ತಿಂಗಳು ನಿರ್ವಹಣಾ ಸಮಿತಿ ಸಭೆ ನಡೆಯಬೇಕು, ಅದರಲ್ಲಿ ಮಕ್ಕಳ ಪ್ರತಿನಿಧಿಗಳೂ ಇರಬೇಕು. ಸಲಹಾ ಪೆಟ್ಟಿಗೆಯನ್ನು ಕಚೇರಿ ಬಾಗಿಲಲ್ಲಿ ನೇತುಹಾಕಬೇಡಿ. ಮಲಗುವ ಕೋಣೆಗಳ ಹತ್ತಿರ, ಯಾರ ಕಣ್ಣಿಗೂ ಬೀಳದೆ ಮಗು ಚೀಟಿ ಹಾಕುವ ಜಾಗದಲ್ಲಿರಲಿ. ಕೀಲಿಕೈ ಅಧೀಕ್ಷಕರ ಬಳಿ ಇರಬಾರದು, ನಿರ್ವಹಣಾ ಸಮಿತಿ ಅಧ್ಯಕ್ಷರ ಬಳಿ ಇರಬೇಕು.

ಊಟದ ಲೆಕ್ಕವೂ ನಿಯಮದಲ್ಲಿದೆ. ದಿನಕ್ಕೆ ಮಗುವಿಗೆ 600 ಗ್ರಾಂ ಧಾನ್ಯ, ಅದರಲ್ಲಿ 100 ಗ್ರಾಂ ಆದರೂ ರಾಗಿ, ಗೋಧಿ ಅಥವಾ ಜೋಳ. ಬೇಳೆ ಕಾಳು 120 ಗ್ರಾಂ, ಎಣ್ಣೆ 25 ಗ್ರಾಂ, ಸೊಪ್ಪು 100, ತರಕಾರಿ 130, ಹಾಲು 150 ಮಿಲಿ, ಮೊಸರು ಅಥವಾ ಮಜ್ಜಿಗೆ 100. ಹತ್ತು ಮಕ್ಕಳಿಗೆ ದಿನಕ್ಕೆ ಆರು ಕೆಜಿ ಧಾನ್ಯ, 1.2 ಕೆಜಿ ಬೇಳೆ, ಒಂದೂವರೆ ಲೀಟರ್ ಹಾಲು. ತಿಂಗಳಿಗೆ 180 ಕೆಜಿ ಧಾನ್ಯ, 36 ಕೆಜಿ ಬೇಳೆ, ಏಳೂವರೆ ಕೆಜಿ ಎಣ್ಣೆ. ಏಳು ವರ್ಷದ ಮಗು 600 ಗ್ರಾಂ ತಿನ್ನುವುದಿಲ್ಲ ನಿಜ, ಆದರೆ ಖರೀದಿ ಮತ್ತು ದಾಸ್ತಾನು ಪುಸ್ತಕವನ್ನು ಈ ಅಳತೆಗೇ ತೂಗಿ ನೋಡುತ್ತಾರೆ. ಅಕ್ಕಿ ಹೆಚ್ಚು, ಬೇಳೆ ಮೊಟ್ಟೆ ಕಡಿಮೆ ಆಗುವುದೇ ಎಲ್ಲ ಕಡೆಯ ದೋಷ.

ಮಳೆಗಾಲದ ಸಿದ್ಧತೆ ಕೈಪಿಡಿಗಳಲ್ಲಿ ಇರುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ. ಒದ್ದೆ ಚಡ್ಡಿ, ಒದ್ದೆ ಸಾಕ್ಸ್ ಹಾಕಿಕೊಂಡು ಶಾಲೆಗೆ ಹೋದರೆ ತೊಡೆಸಂದಿಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಹುಳುಕಡ್ಡಿ, ಬೂಷ್ಟು ಹಿಡಿಯುತ್ತದೆ. ಹಾಸಿಗೆಗೆ ತೇವ ಇಳಿದರೆ ಗೂರಲು ಇರುವ ಮಕ್ಕಳ ಪಾಡು ಕಷ್ಟ. ಮೇಲೆ ಶೀಟು ಹಾಕಿ ಎರಡು ಬದಿ ಗಾಳಿಗೆ ತೆರೆದಿರುವ ಒಣಗುವ ಚಪ್ಪರ ಕಟ್ಟಿಸಿ, ಹತ್ತು ಮಕ್ಕಳಿಗೆ 100 ಅಡಿ ಹಗ್ಗದ ಜಾಗವಾದರೂ ಬೇಕು. ಬಚ್ಚಲ ಹಂಡೆ ಒಲೆಯ ಬಿಸಿ ತಲುಪುವ ಕಡೆ ಒಂದು ಸಾಲು ಹಗ್ಗ ಶಾಲೆ ಸಮವಸ್ತ್ರಕ್ಕೆ ಮೀಸಲಿಡಿ. ಸಮವಸ್ತ್ರ ಎರಡು ಜೊತೆ ಸಾಲದು, ಮೂರು ಇರಲಿ. ಹಾಸಿಗೆ ನೆಲದ ಮೇಲೆ ಬೇಡ, ಮಂಚ ಗೋಡೆಯಿಂದ ಒಂದು ಗೇಣು ದೂರ. ಟವೆಲು, ಬಾಚಣಿಗೆ, ಹೊದಿಕೆ ಪ್ರತಿ ಮಗುವಿಗೂ ಸ್ವಂತದ್ದು, ಹೆಸರು ಹೊಲಿದಿರಬೇಕು. ಕಜ್ಜಿ ಒಂದು ಮಗುವಿಗೆ ಕಂಡರೂ ವೈದ್ಯರು ಕೊಟ್ಟ ಮುಲಾಮನ್ನು ಅದೇ ಮನೆಯ ಎಲ್ಲರಿಗೂ, ಗೃಹಮಾತೆಗೂ ಸೇರಿಸಿ, ಒಂದೇ ರಾತ್ರಿ ಹಚ್ಚಬೇಕು. ಮರುದಿನ ಎಲ್ಲ ಬಟ್ಟೆ ಹೊದಿಕೆಗಳನ್ನು ಕುದಿಯುವ ನೀರಿನಲ್ಲಿ ಒಗೆಯಬೇಕು. ತುರಿಸಿಕೊಳ್ಳುವವರಿಗೆ ಮಾತ್ರ ಹಚ್ಚಿದರೆ ಮೂರು ವಾರದಲ್ಲಿ ತಿರುಗಿ ಎಲ್ಲರಿಗೂ ಬರುತ್ತದೆ.

ಕರೆಂಟು ನಾಲ್ಕು ದಿನ ಬಾರದೇ ಹೋಗಬಹುದು, ಫೋನ್ ಟವರೂ ನಿಲ್ಲಬಹುದು. ಮಳೆ ಹಿಡಿಯುವ ಮುಂಚೆ ಮೂರು ವಾರದ ರೇಷನ್, ಒಂದು ಹೆಚ್ಚುವರಿ ಸಿಲಿಂಡರ್, ಇನ್‌ವರ್ಟರ್, ಚಾರ್ಜ್ ಲೈಟು, ನಿತ್ಯ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಒಂದು ತಿಂಗಳ ಮಾತ್ರೆ ತೆಗೆದಿಡಿ. ಬರೆ ಜರಿಯುವ ಸೂಚನೆ ಬಂದರೆ ಮಕ್ಕಳನ್ನು ಎಲ್ಲಿಗೆ, ಯಾವ ಗಾಡಿಯಲ್ಲಿ ಸಾಗಿಸುತ್ತೀರಿ ಎಂದು ಬರೆದು ರಕ್ಷಣಾ ಘಟಕಕ್ಕೆ ಮೊದಲೇ ಕೊಟ್ಟಿರಿ. ಕಾಳಜಿ ಕೇಂದ್ರಕ್ಕೆ (ಸಂತ್ರಸ್ತರ ತಾತ್ಕಾಲಿಕ ಆಶ್ರಯಕ್ಕೆ) ಹೋದರೂ ನಿಮ್ಮ ಮಕ್ಕಳು, ನಿಮ್ಮ ಗೃಹಮಾತೆ ಒಂದೇ ಕೋಣೆಯಲ್ಲಿರಬೇಕು.

ಇನ್ನೊಂದು ಮಾತು. ಹುಟ್ಟುಹಬ್ಬಕ್ಕೆ ಕೇಕ್ ತರುವ ದಾನಿಗಳು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕುತ್ತಾರೆ. ಇದಕ್ಕೆ ದಯವಿಟ್ಟು ಆಸ್ಪದ ಕೊಡಬೇಡಿ. ಮಗುವಿನ ಗುರುತು ತಿಳಿಯುವಂತೆ ಪ್ರಕಟಿಸಿದರೆ 74ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಮರುದಿನ ಶಾಲೆಯಲ್ಲಿ ಆ ಫೋಟೋ ತೋರಿಸಿ ಅನಾಥ ಎಂದು ಕರೆಸಿಕೊಳ್ಳುವುದು ಮಗುವೇ.


ಲೆಕ್ಕದ ಪುಸ್ತಕ

ಹಣದ ಬಗ್ಗೆ ಚುಟುಕಾಗಿ. ಕೇಂದ್ರದ ಮಕ್ಕಳ ರಕ್ಷಣೆಯ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಅನುದಾನಿತ ಸಂಸ್ಥೆಗೆ ಪ್ರತಿ ಮಗುವಿಗೆ ತಿಂಗಳಿಗೆ 3,000 ರೂಪಾಯಿ ನಿರ್ವಹಣಾ ವೆಚ್ಚ. ನೋಂದಣಿ ಆಯಿತು ಎಂದ ಮಾತ್ರಕ್ಕೆ ಅನುದಾನ ಬರುವುದಿಲ್ಲ, ಅದು ಬೇರೆ ಮಂಜೂರಾತಿ. ಬಂದರೂ ಕಂತು ತಡವಾಗುತ್ತದೆ ಎಂದೇ ಯೋಜನೆ ಹಾಕಿ. ಖರ್ಚಿನಲ್ಲಿ ಊಟಕ್ಕಿಂತ ಸಂಬಳ ದೊಡ್ಡದು. ಮೇಲೆ ಅಕ್ಕ ಹೇಳಿದ ಆರು ಜನರಿಗೆ ಕನಿಷ್ಠ ವೇತನ, ಪಿಎಫ್, ಇಎಸ್‌ಐ ಅನ್ವಯವಾದರೆ ಅದನ್ನೂ ಸೇರಿಸಿ ತಿಂಗಳ ಮೊತ್ತ ಬರೆದುಕೊಳ್ಳಿ. 12 ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಮೊದಲ ಮಗುವನ್ನು ಬರಮಾಡಿಕೊಳ್ಳಬೇಡಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯವರು ಹೊರದೇಶದಲ್ಲಿ ಬಹಳ ಮಂದಿ ಇದ್ದಾರೆ, ಅವರಿಂದ ದೇಣಿಗೆ ಪಡೆಯುವಾಗ ಎಚ್ಚರ. ಭಾರತದ ಪಾಸ್‌ಪೋರ್ಟ್ ಇರುವವರು ಕೊಟ್ಟರೆ ಅದು ವಿದೇಶಿ ದೇಣಿಗೆ ಅಲ್ಲ. ಒಸಿಐ ಕಾರ್ಡ್ ಇರುವ, ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟುವಂತಿಲ್ಲ. ದೇಣಿಗೆ ಕೊಡುವವರ ಪಾಸ್‌ಪೋರ್ಟ್ ಪ್ರತಿ ಕೇಳಿ ಇಟ್ಟುಕೊಳ್ಳಿ. 2,000 ರೂಪಾಯಿಗೆ ಮೇಲ್ಪಟ್ಟ ನಗದಿಗೆ 80ಜಿ ವಿನಾಯಿತಿ ಇಲ್ಲ ಎಂದು ರಸೀದಿ ಪುಸ್ತಕದ ಮೇಲೆಯೇ ಅಚ್ಚು ಹಾಕಿಸಿ.


ವಿರಾಜಪೇಟೆ ವಕೀಲ

ತಾಯಿ ಬರೆದುಕೊಟ್ಟರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ತಾಯಿಯನ್ನೂ ಮಗುವನ್ನೂ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದುಕೊಂಡು ಹೋಗಬೇಕು. ಅಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ, ಕಲಸಿಬಿಡಬೇಡಿ. ಕಷ್ಟದ ಕಾಲದಲ್ಲಿ ಮಗುವನ್ನು ತಾತ್ಕಾಲಿಕವಾಗಿ ಸಂಸ್ಥೆಯಲ್ಲಿ ಇಡುವುದು ಒಂದು. 35ನೇ ಕಲಂ ಅಡಿ ನಮೂನೆ 23ರಲ್ಲಿ ಮಗುವನ್ನು ಒಪ್ಪಿಸಿಬಿಡುವುದು ಇನ್ನೊಂದು. ಎರಡನೆಯದರಲ್ಲಿ ಮರುಯೋಚನೆಗೆ ಎರಡು ತಿಂಗಳು ಸಿಗುತ್ತದೆ, ಅದು ಕಳೆದರೆ ಮಗು ದತ್ತುವಿಗೆ ಮುಕ್ತವಾಗುವ ದಾರಿ ತೆರೆಯುತ್ತದೆ. ಓದು ಬರದ ತಾಯಿ ಹಾಸ್ಟೆಲಿಗೆ ಸೇರಿಸಿದೆ ಎಂದುಕೊಂಡು ಹೆಬ್ಬೆಟ್ಟು ಒತ್ತಿದರೆ ಎಂಥ ಅನ್ಯಾಯ ಆದೀತು ಯೋಚಿಸಿ. ಅವರ ಭಾಷೆಯಲ್ಲಿ, ಯರವ ಆಗಲಿ, ಅಸ್ಸಾಮಿ ಆಗಲಿ, ತಿಳಿಸಿ ಹೇಳುವವರು ಆ ದಿನ ಜೊತೆಗಿರಬೇಕು.

ಅದಕ್ಕೂ ಮುಂಚೆ, ಗಂಡನಿಲ್ಲದ ಆ ತಾಯಿಗೆ ಪ್ರಾಯೋಜಕತ್ವ (ಮಗು ಮನೆಯಲ್ಲೇ ಬೆಳೆಯಲು ಸರ್ಕಾರ ಕೊಡುವ ತಿಂಗಳ ನೆರವು) ಸಿಗುತ್ತದೆಯೇ ನೋಡಿ. ವಾತ್ಸಲ್ಯದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ, ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ಮೀರಬಾರದು. ಪತಿಯ ಮರಣ ಪತ್ರ, ಆದಾಯ ಪತ್ರ, ಮಗುವಿನ ಶಾಲಾ ದೃಢೀಕರಣ, ಬ್ಯಾಂಕ್ ಪುಸ್ತಕ ತೆಗೆದುಕೊಂಡು ರಕ್ಷಣಾ ಘಟಕಕ್ಕೆ ಹೋಗಲಿ. ನಿಮ್ಮ ಟ್ರಸ್ಟ್ ಈ ಕಾಗದಗಳನ್ನು ಮಾಡಿಸಿಕೊಡುವ ಕೆಲಸವನ್ನೇ ಮಾಡಿದರೂ ಹತ್ತಾರು ಮಕ್ಕಳು ತಾಯಿಯ ಮಡಿಲಲ್ಲೇ ಉಳಿಯುತ್ತಾರೆ. ಅದಕ್ಕೆ ಯಾವ ಪರವಾನಗಿಯೂ ಬೇಡ, ನಾಳೆಯೇ ಶುರು ಮಾಡಬಹುದು.

ಬಾಣೆ ಬದಿಯವರ ಲೆಕ್ಕ ಓದಿದ ಮೇಲೆ ನನಗೆ ಅನ್ನಿಸಿದ್ದು: ಈ ಮನೆಗೆ 20 ಮಕ್ಕಳ ಸಂಸ್ಥೆಗಿಂತ ಗುಂಪು ಪೋಷಕತ್ವ ಹೊಂದುತ್ತದೆ. ತಂದೆ ತಾಯಿಯ ಆಸರೆ ಇಲ್ಲದ ಮಕ್ಕಳನ್ನು ಮನೆಯ ರೀತಿಯಲ್ಲಿ, ಕಾಯಂ ಪಾಲಕರ ಜೊತೆ ಬೆಳೆಸುವ ವ್ಯವಸ್ಥೆ ಅದು. ಒಂದು ಮನೆಯಲ್ಲಿ ಹೆಚ್ಚೆಂದರೆ ಎಂಟು ಮಕ್ಕಳು. ಇದಕ್ಕೆ ಮಕ್ಕಳ ಕಲ್ಯಾಣ ಸಮಿತಿಯಿಂದ ಯೋಗ್ಯ ಸಂಸ್ಥೆ ಎಂಬ ಮಾನ್ಯತೆ ಪಡೆಯಬೇಕು, ನಮೂನೆ 38ರ ಪ್ರಮಾಣಪತ್ರ, ಅವಧಿ ಮೂರು ವರ್ಷ. ಕಟ್ಟಡ, ಸಿಬ್ಬಂದಿ, ಪೊಲೀಸ್ ಪರಿಶೀಲನೆ ಬಗ್ಗೆ ಮೇಲೆ ಬರೆದದ್ದೆಲ್ಲ ಇಲ್ಲಿಗೂ ಬೇಕು.


ಬಾಣೆ ಬದಿ

ಎಂಟು ಮಕ್ಕಳು ಎಂದರೆ 320 ಚದರಡಿ. ಮುಂಬದಿಯ ಮೂರು ಕೋಣೆಗೆ ಮೂರು, ಮೂರು, ಎರಡು ಎಂದು ಕೂರುತ್ತದೆ, ಹಿಂಬದಿಯ ಎರಡು ಕೋಣೆ ಸ್ಟೋರ್ ಮತ್ತು ಕಚೇರಿಗೆ. ಆಗ ಗೃಹಮಾತೆಯ ಕೋಣೆಗೆ, ಚಿಕಿತ್ಸಾ ಕೋಣೆಗೆ ಹಾಲ್‌ನಲ್ಲಿ ಇಟ್ಟಿಗೆ ಗೋಡೆ ಎತ್ತಿ ಜಾಗ ಮಾಡಬೇಕಾಗುತ್ತದೆ, ಪ್ಲೈವುಡ್ ಬೇಡ, ಮಳೆಗಾಲಕ್ಕೆ ಉಬ್ಬುತ್ತದೆ. ಅದಕ್ಕೆ ಹಣ ಹಾಕುವ ಮೊದಲು ತಡೆಗೋಡೆಯ ತೂತುಗಳಿಗೆ ಒಂದು ಕಬ್ಬಿಣದ ಸಲಾಕೆ ತೂರಿಸಿ ನೋಡಿ. ಒಂದಡಿಯೊಳಗೆ ಗಟ್ಟಿ ಮಣ್ಣು ತಾಗಿದರೆ ಹಿಂದೆ ಜಲ್ಲಿಯ ಪದರ ಹಾಕಿಲ್ಲ ಎಂದೇ ಲೆಕ್ಕ. ಆಗ ಪಾರ್ಟಿಷನ್ ಗೋಡೆಗೆ ಕೈ ಹಾಕದೆ ಮೊದಲು ಎಂಜಿನಿಯರನ್ನು ಕರೆಸಿ ತಡೆಗೋಡೆ ತೋರಿಸಿ.